ರೂಢಿಯ ಪ್ರಾರ್ಥನೆಯೂ ಪ್ರಾರ್ಥನೆಯೇ?

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಮುಚ್ಚಿದ್ದ ದೇವಾಲಯಗಳ ಬಾಗಿಲು ಜೂನ್ ತಿಂಗಳಿನಿಂದ ಮತ್ತೆ ತೆರೆಯತೊಡಗಿದಾಗ ಒಂದು ಸಣ್ಣ ಸಂಗತಿಯನ್ನು ಅನೇಕ ಧರ್ಮಗುರುಗಳು ಗಮನಿಸಿರಬಹುದು. ಕೊರೊನಾ ಸೋಂಕನ್ನು ತಡೆಯಲು ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಯಲ್ಲಿ ತೀರ್ಥ ಪ್ರೋಕ್ಷಣೆಗೆ ಅವಕಾಶವಿರಲಿಲ್ಲ. ಹೀಗಾಗಿ ಬಾಗಿಲ ಬಳಿಯ ತೀರ್ಥದ ತೊಟ್ಟಿ ಬರಿದಾಗಿತ್ತು. ಆದರೂ ಒಳಗೆ ಬಂದವರ ಬಲಗೈ ತಾನಾಗಿಯೇ ಅತ್ತ ಚಾಚುತ್ತಿತ್ತು. ಬೆರಳು ಒಣಗಿದ ಕಲ್ಲನ್ನು ಮುಟ್ಟುತ್ತಿತ್ತು. ಮರುಕ್ಷಣವೇ ಹಣೆ, ಎದೆ, ಭುಜಗಳ ಮೇಲೆ ಶಿಲುಬೆಯ ಗುರುತು ಮೂಡುತ್ತಿತ್ತು. ಹೀಗೆ ಮುಟ್ಟಬಾರದೆಂದು ತಿಳಿಸಲು ನಮ್ಮ ದೇವಾಲಯದ ಸೇವಕರು ತೊಟ್ಟಿಯ ಮೇಲೊಂದು ತಟ್ಟೆ ಮುಚ್ಚಿದರು. ಜನ ತಟ್ಟೆಯನ್ನೇ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡರು! ಕೆಲವರು ತಮ್ಮ ಕೈಯನ್ನು ತಾವೇ ನೋಡಿ ನಾಚಿ ನಕ್ಕರು. ಇನ್ನು ಕೆಲವರಿಗೆ ತಾವೇನು ಮಾಡಿದೆವೆಂಬುದರ ಅರಿವೂ ಆಗಲಿಲ್ಲ.

ನಗು ತರಿಸುವ ಸಂಗತಿಯೇನೋ ಹೌದು. ಆದರೆ ಅದರ ಹಿಂದೆ ಒಂದು ಕಠಿಣವಾದ ಪ್ರಶ್ನೆ ಅಡಗಿದೆ. ಮನಸ್ಸಿಗೆ ತಿಳಿಯದೆ ಕೈ ತಾನಾಗಿಯೇ ಹಾಕಿಕೊಂಡ ಆ ಶಿಲುಬೆಯ ಗುರುತು ಪ್ರಾರ್ಥನೆಯೋ, ಅಥವಾ ಕೇವಲ ಕೈಯ ಚಾಳಿಯೋ?

ಇದು ಪಂಡಿತರ ಚರ್ಚೆಗಷ್ಟೇ ಸೇರಿದ ಪ್ರಶ್ನೆಯಲ್ಲ. ನಮ್ಮ ಅನೇಕ ಕುಟುಂಬಗಳಲ್ಲಿ ಮಕ್ಕಳು ಹೆತ್ತವರ ಮುಂದೆ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಇಡುತ್ತಿದ್ದಾರೆ. ನಮ್ಮ ಧರ್ಮಕೇಂದ್ರದ ಒಬ್ಬ ಯುವಕ, ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಿರುವವನು, ಒಂದು ಸಂಜೆ ನನ್ನ ಬಳಿ ಹೀಗೆಂದ: "ಫಾದರ್, ದೇವಾಲಯ ಮುಚ್ಚಿದ್ದ ದಿನಗಳಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಇಷ್ಟು ವರ್ಷ ನಾನು ಪೂಜೆಗೆ ಬರುತ್ತಿದ್ದುದು ಭಕ್ತಿಯಿಂದಲ್ಲ, ಅಭ್ಯಾಸಬಲದಿಂದ. ಅಭ್ಯಾಸ ತಪ್ಪಿತು, ಬರುವುದೂ ನಿಂತಿತು. ಮನಸ್ಸಿಲ್ಲದೆ ಬಂದು ಕುಳಿತು ಎದ್ದು ಹೋಗುವುದು ಬೂಟಾಟಿಕೆಯಲ್ಲವೆ?"

ಅವನ ತಂದೆ ನಿವೃತ್ತ ಶಿಕ್ಷಕರು. ಮಗನ ಮಾತಿನಿಂದ ಅವರಿಗಾದ ನೋವು ಅಷ್ಟಿಷ್ಟಲ್ಲ. ಸಂಜೆ ಏಳೂವರೆಗೆ ತಂದೆತಾಯಿ ಇಬ್ಬರೂ ನಡುಮನೆಯಲ್ಲಿ ಮಂಡಿಯೂರಿ ಜಪಸರ ಹೇಳುವಾಗ ಮಗನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. "ಕರೆಯುವುದನ್ನೇ ಬಿಟ್ಟಿದ್ದೇನೆ ಸ್ವಾಮಿ, ಕರೆದರೆ ಜಗಳ" ಎಂದು ಅವರು ಒಮ್ಮೆ ಹೇಳಿದರು. ಆ ಮುಚ್ಚಿದ ಬಾಗಿಲಿನ ಎರಡು ಬದಿಯಲ್ಲೂ ನೋವಿತ್ತೆಂಬುದು ನನಗೆ ತಿಳಿದಿತ್ತು. ಮಗನನ್ನು ಅವಿಶ್ವಾಸಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಸುಳ್ಳು ಪ್ರಾರ್ಥನೆ ಮಾಡಲಾರೆ ಎನ್ನುವವನಲ್ಲಿ ಪ್ರಾರ್ಥನೆಯ ಬಗೆಗೆ ಗೌರವ ಉಳಿದಿದೆ ಎಂದೇ ಅರ್ಥ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ನಮ್ಮ ತಂಡಕ್ಕೂ ಈ ವಾದ ಬಹಳ ಪ್ರಿಯವಾಗಿತ್ತು. ಏಳುವುದಕ್ಕೊಂದು ಗಂಟೆ, ಧ್ಯಾನಕ್ಕೊಂದು ಗಂಟೆ, ಊಟಕ್ಕೊಂದು ಗಂಟೆ, ಮೌನಕ್ಕೊಂದು ಗಂಟೆ. ಬೆಳಗಿನ ತರಗತಿಯಲ್ಲಿ ಮಾನವನ ಸ್ವಾತಂತ್ರ್ಯದ ಬಗೆಗೆ ಪಾಠ ಕೇಳಿ, ಗಂಟೆ ಬಾರಿಸಿದೊಡನೆ ಸಾಲುಗಟ್ಟಿ ಊಟದ ಮನೆಗೆ ನಡೆಯುತ್ತಿದ್ದೆವು! ಡೆನ್ಮಾರ್ಕಿನ ಕೀರ್ಕೆಗಾರ್ಡ್ ತನ್ನ ಬದುಕಿನ ಕೊನೆಯ ದಿನಗಳಲ್ಲಿ, ಅಂದರೆ 1854–55ರಲ್ಲಿ, ಹುಟ್ಟಿನಿಂದಲೂ ರೂಢಿಯಿಂದಲೂ ಕ್ರೈಸ್ತರೆನಿಸಿಕೊಂಡು ನೆಮ್ಮದಿಯಾಗಿದ್ದ ತನ್ನ ನಾಡಿನ ಧರ್ಮಸಭೆಯ ಮೇಲೆ ಮಾಡಿದ ಆಕ್ರಮಣವನ್ನು ಓದಿದಾಗ ನಮಗೆ ಮೈ ನವಿರೇಳುತ್ತಿತ್ತು. ರೂಢಿ ಎಂಬುದು ಸ್ವಾತಂತ್ರ್ಯದ ಶತ್ರು, ಪ್ರತಿಯೊಂದು ಪ್ರಾರ್ಥನೆಯೂ ಅಂದೇ ಹುಟ್ಟಿದಂತಿರಬೇಕು ಎಂದು ರಾತ್ರಿ ಮೌನದ ಗಂಟೆಯವರೆಗೂ ವಾದಿಸುತ್ತಿದ್ದೆವು. ಆ ವಾದದಲ್ಲಿ ಹುರುಳಿಲ್ಲವೆಂದು ಇಂದೂ ಹೇಳಲಾರೆ. ಆದರೆ ಅದೇ ಸ್ವಾತಂತ್ರ್ಯದ ಕುರಿತು ಬಹಳ ಆಳವಾಗಿ ಬರೆದ ಇಮ್ಮಾನುವೆಲ್ ಕಾಂಟ್ ಮಹಾಶಯರ ದಿನಚರಿ ಹೇಗಿತ್ತೆಂದರೆ, ಅವರು ವಾಯುವಿಹಾರಕ್ಕೆ ಹೊರಡುವುದನ್ನು ನೋಡಿ ಊರಿನವರು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದರಂತೆ. ಈ ಕಥೆ ಹೇಳಿದ ನಮ್ಮ ಪ್ರಾಧ್ಯಾಪಕರು ಮುಂದೇನೂ ವಿವರಿಸದೆ ನಕ್ಕು ಸುಮ್ಮನಾಗಿದ್ದರು. ಅವರ ನಗುವಿನ ಅರ್ಥ ನಿಧಾನವಾಗಿ, ವಯಸ್ಸು ಏರಿದಂತೆ, ಹೊಳೆಯತೊಡಗಿತು.

ನಮ್ಮ ಕನ್ನಡದಲ್ಲಿ ಈ ವಿಷಯಕ್ಕೆ ಎಷ್ಟು ಪದಗಳಿವೆ ನೋಡಿ! ಅಭ್ಯಾಸ, ರೂಢಿ, ವಾಡಿಕೆ, ಪರಿಪಾಠ, ಹವ್ಯಾಸ, ಚಾಳಿ, ಚಟ. ನಮ್ಮ ಹಿರಿಯರು ಇವನ್ನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಬೆಳಗ್ಗೆ ಬೇಗ ಏಳುವುದು ಅಭ್ಯಾಸ. ಹಬ್ಬಕ್ಕೆ ನೆರೆಮನೆಗೆ ತಿಂಡಿ ಕಳುಹಿಸುವುದು ವಾಡಿಕೆ. ಉಗುರು ಕಡಿಯುವುದು ಚಾಳಿ. ಹೆಂಡ ಕುಡಿಯುವುದು ಚಟ. ಅದರಲ್ಲೂ 'ಅಭ್ಯಾಸ' ಎಂಬ ಪದಕ್ಕೆ ರೂಢಿ ಎಂಬ ಅರ್ಥವೂ ಉಂಟು, ಸಾಧನೆ ಎಂಬ ಅರ್ಥವೂ ಉಂಟು. ವಿದ್ಯಾಭ್ಯಾಸ, ಯೋಗಾಭ್ಯಾಸ, ಸಂಗೀತಾಭ್ಯಾಸ ಎನ್ನುವಾಗ ಮನಸ್ಸಿಟ್ಟು ಮಾಡುವ ಸಾಧನೆಯನ್ನೂ, 'ಅಭ್ಯಾಸವಾಗಿಬಿಟ್ಟಿದೆ' ಎನ್ನುವಾಗ ಮನಸ್ಸಿಡದೆಯೇ ನಡೆಯುವ ಕೆಲಸವನ್ನೂ ಒಂದೇ ಪದ ಸೂಚಿಸುತ್ತದೆ. ಮನಸ್ಸಿಟ್ಟು ಮಾಡಿದ್ದೇ ಮುಂದೆ ಮನಸ್ಸಿಡದೆಯೂ ಮಾಡುವಂತಾಗುತ್ತದೆ ಎಂಬ ಸತ್ಯವನ್ನು ಭಾಷೆಯೇ ಕಂಡುಕೊಂಡಂತಿದೆ.

ಗ್ರೀಸಿನ ಅರಿಸ್ಟಾಟಲನೂ ತನ್ನ ಭಾಷೆಯಲ್ಲಿ ಇಂತಹದೇ ಸೂಕ್ಷ್ಮವನ್ನು ಗುರುತಿಸಿದ್ದ. ಗ್ರೀಕಿನಲ್ಲಿ 'ಎಥೊಸ್' ಎಂದರೆ ರೂಢಿ. 'ಏಥೊಸ್' ಎಂದರೆ ಶೀಲ. ಎರಡಕ್ಕೂ ಇರುವ ಅಂತರ ಮೊದಲಕ್ಷರದ ಹ್ರಸ್ವ ದೀರ್ಘಗಳಷ್ಟೇ. (ಇಂಗ್ಲಿಷ್ ಅಕ್ಷರಗಳಲ್ಲಿ ಮೂಡದ ಈ ವ್ಯತ್ಯಾಸವನ್ನು ನಮ್ಮ ಕನ್ನಡ ಲಿಪಿ ಎಷ್ಟು ಸಲೀಸಾಗಿ ತೋರಿಸುತ್ತದೆ!) ಮನೆ ಕಟ್ಟುತ್ತ ಕಟ್ಟುತ್ತ ಮನೆ ಕಟ್ಟುವವನಾಗುವಂತೆ, ನ್ಯಾಯವಾದುದನ್ನು ಮಾಡುತ್ತ ಮಾಡುತ್ತ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅವನ ವಾದದ ತಿರುಳು. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದನ್ನೇ. ಅರಿಸ್ಟಾಟಲನಿಗಿಂತ ಅವರ ಮಾತಿನಲ್ಲಿ ಪ್ರಾಸ ಚೆನ್ನಾಗಿದೆ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ವಿಚಾರವನ್ನು ಕ್ರೈಸ್ತ ಬೆಳಕಿನಲ್ಲಿ ವಿಸ್ತರಿಸಿದರು. ಲತೀನ್ ಭಾಷೆಯಲ್ಲಿ ಅವರು ಬಳಸಿದ ಪದ 'ಹಾಬಿತುಸ್'. ಹೊಂದಿರುವುದು, ತನ್ನದಾಗಿಸಿಕೊಂಡಿರುವುದು ಎಂದು ಅದರ ಮೂಲಾರ್ಥ. ಇಂಗ್ಲಿಷಿನ 'ಹ್ಯಾಬಿಟ್' ಬಂದಿದ್ದು ಅದರಿಂದಲೇ. ನಮ್ಮ ಕನ್ಯಾಸ್ತ್ರೀಯರೂ ಸಂನ್ಯಾಸಿಗಳೂ ತೊಡುವ ನಿಲುವಂಗಿಗೂ 'ಹ್ಯಾಬಿಟ್' ಎಂಬ ಹೆಸರಿರುವುದನ್ನು ಓದುಗರು ಬಲ್ಲರು. ಒಂದು ಹೊರಗೆ ತೊಡುವುದು, ಇನ್ನೊಂದು ಒಳಗೆ ತೊಡುವುದು. ಅಕ್ವಿನಾಸರ ಪ್ರಕಾರ ನಿಜವಾದ ಹಾಬಿತುಸ್ ಎಂದರೆ ನಾವು ಬಯಸಿದಾಗ ಬಳಸಿಕೊಳ್ಳಬಲ್ಲ ಒಳಗಿನ ಶಕ್ತಿ. ಚಟಕ್ಕೂ ಅದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಚಟ ನಮ್ಮನ್ನು ಬಳಸಿಕೊಳ್ಳುತ್ತದೆ.

ಈ ವ್ಯತ್ಯಾಸವನ್ನು ಪರೀಕ್ಷಿಸಲು ಇಂದು ಹೆಚ್ಚು ದೂರ ಹೋಗಬೇಕಾಗಿಲ್ಲ. ಮುಂಜಾನೆ ಕಣ್ಣು ಬಿಡುವ ಮೊದಲೇ ಕೈ ದಿಂಬಿನ ಬಳಿ ಏನನ್ನು ತಡಕಾಡುತ್ತದೆ? ಬಸ್ಸಿಗಾಗಿ ಎರಡು ನಿಮಿಷ ಕಾಯಬೇಕಾದಾಗ ಜೇಬಿಗೆ ಹೋಗುವ ಕೈಗೆ ಅಪ್ಪಣೆ ಕೊಟ್ಟವರು ಯಾರು? ಧರ್ಮಗುರುಗಳೂ ಇದಕ್ಕೆ ಹೊರತಲ್ಲ. ಈಗ ನಮ್ಮ ದಿನದ ಪ್ರಾರ್ಥನಾ ಪುಸ್ತಕವೂ ಮೊಬೈಲಿನೊಳಗೇ ಸೇರಿಕೊಂಡಿರುವುದರಿಂದ ಬಾಗಿಲು ಒಂದೇ, ಒಳಗಿನ ಕೋಣೆಗಳು ಹಲವು ಎಂಬಂತಾಗಿದೆ. ಸಂಜೆಯ ಜಪಸರವನ್ನು ರೂಢಿಯೆಂಬ ಕಾರಣಕ್ಕೆ ಬಿಟ್ಟ ಮನೆಗಳಲ್ಲಿ ಆ ಅರ್ಧ ಗಂಟೆ ಬರಿದಾಗಿ ಉಳಿದಿಲ್ಲ ಎಂಬುದನ್ನು ಮನೆ ಭೇಟಿಗಳಲ್ಲಿ ಕಂಡಿದ್ದೇನೆ. ಮೊದಲು ಅಲ್ಲಿ ಟಿ.ವಿ. ಧಾರಾವಾಹಿ ಬಂದು ಕುಳಿತಿತು. ಆಗ ಮನೆಯವರೆಲ್ಲ ಕಡೇಪಕ್ಷ ಒಂದೇ ಪೆಟ್ಟಿಗೆಯನ್ನು ನೋಡುತ್ತಿದ್ದರು. ಈಗ ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಪೆಟ್ಟಿಗೆ. ರೂಢಿಯನ್ನು ಬಿಟ್ಟವರು ಸ್ವತಂತ್ರರಾಗಲಿಲ್ಲ, ಇನ್ನೊಂದು ರೂಢಿಗೆ ಮನೆ ಬಿಟ್ಟುಕೊಟ್ಟರು.

ಹಾಗೆಂದು ಹಿಂದಿನ ಕಾಲದ ಸಂಜೆಗಳೆಲ್ಲ ಸ್ವರ್ಗಸಮಾನವಾಗಿದ್ದವೆಂದು ಬಣ್ಣಿಸಲು ನಾನು ಸಿದ್ಧನಿಲ್ಲ. ನಮ್ಮ ಮನೆಯಲ್ಲಿ ಜಪಸರ ಹೇಗೆ ನಡೆಯುತ್ತಿತ್ತೆಂಬುದು ನೆನಪಿದೆ. ದೇವಾಲಯದ ತ್ರಿಕಾಲ ಪ್ರಾರ್ಥನೆಯ ಗಂಟೆ ಕೇಳಿದೊಡನೆ ಕೈಕಾಲು ತೊಳೆದು, ಪೀಠದ ಮುಂದೆ ಚಾಪೆ ಹಾಸಿ ಕೂರಬೇಕು. ಅಜ್ಜಿಯ ಧ್ವನಿ ಮುಂದೆ, ನಮ್ಮದು ಹಿಂದೆ. ಎರಡನೆಯ ರಹಸ್ಯಕ್ಕೆ ಬರುವಾಗ ತಮ್ಮನಿಗೆ ತೂಕಡಿಕೆ. ಮೂರನೆಯದಕ್ಕೆ ಅಮ್ಮ ನಮೋ ಮರಿಯಾ ಪ್ರಾರ್ಥನೆಯ ಅರ್ಧದಲ್ಲಿ ನಿಲ್ಲಿಸಿ "ಹಾಲು ಉಕ್ಕುತ್ತಿದೆ, ನೋಡೋ" ಎಂದು ಹೇಳಿ, ಬಿಟ್ಟ ಪದದಿಂದಲೇ ಮುಂದುವರಿಸುವರು. ಪ್ರಾರ್ಥನಾಮಾಲೆಯ ಹೊತ್ತಿಗೆ ಸಾರಿನ ಒಗ್ಗರಣೆಯ ವಾಸನೆ. ಆಮೇಲೆ ಯಾವ ಸಂತರ ಹೆಸರು ಬಂತೋ ಯಾರಿಗೆ ಗೊತ್ತು. ಒಂದು ಜಪಸರದಲ್ಲಿ ನಮೋ ಮರಿಯಾ ಪ್ರಾರ್ಥನೆ 53 ಬಾರಿ ಬರುತ್ತದೆ. ಅವುಗಳಲ್ಲಿ ಮನಸ್ಸಿಟ್ಟು ಹೇಳಿದ್ದು ಮೂರಿದ್ದರೆ ಹೆಚ್ಚು.

ಹಾಗಾದರೆ ಉಳಿದ 50ರ ಗತಿ ಏನು? ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬ ಗಾದೆ ನಮ್ಮ ಜಪಸರವನ್ನು ಕಂಡೇ ಹುಟ್ಟಿತೆಂದು ಯಾರಾದರೂ ಹಾಸ್ಯ ಮಾಡಿದರೆ ಉತ್ತರಿಸುವುದು ಕಷ್ಟ. ಪ್ರಾರ್ಥಿಸುವಾಗ ವ್ಯರ್ಥವಾಗಿ ಮಾತುಗಳನ್ನು ಪೇರಿಸಬಾರದೆಂದು ಪ್ರಭು ಯೇಸುವೇ ಎಚ್ಚರಿಸಿದ್ದಾರಲ್ಲವೆ? ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಆ ಎಚ್ಚರಿಕೆ ಇದೆ. ಆದರೆ ಅದೇ ಶುಭಸಂದೇಶದ ಇಪ್ಪತ್ತಾರನೆಯ ಅಧ್ಯಾಯವನ್ನೂ ತೆರೆದು ನೋಡಬೇಕು. ಗೆತ್ಸೆಮನಿಯ ಕತ್ತಲಲ್ಲಿ, ಮರಣಕ್ಕೆ ಕೆಲವೇ ಗಂಟೆಗಳಿರುವಾಗ, ಪ್ರಭು ಮೂರನೆಯ ಬಾರಿ ಪ್ರಾರ್ಥಿಸಲು ಹೋದರು. ಆಗಲೂ ಹಿಂದಿನ ಮಾತುಗಳನ್ನೇ ಮತ್ತೆ ಹೇಳಿದರು ಎಂದು ಮತ್ತಾಯನು ಬರೆದಿದ್ದಾನೆ. ದೇವಪುತ್ರರಿಗೆ ಹೊಸ ಮಾತುಗಳ ಕೊರತೆಯಿತ್ತೇ? ತೀವ್ರವಾದ ದುಃಖದಲ್ಲಿ ಮನುಷ್ಯ ಹೊಸ ಮಾತುಗಳನ್ನು ಹುಡುಕುವುದಿಲ್ಲ. 136ನೆಯ ಕೀರ್ತನೆಯ 26 ಚರಣಗಳಲ್ಲಿ ಒಂದೇ ಪಲ್ಲವಿ 26 ಬಾರಿ ಮರಳಿ ಬರುತ್ತದೆ. ಅದನ್ನು ವ್ಯರ್ಥಾಲಾಪವೆಂದು ಇಸ್ರಯೇಲರಲ್ಲಿ ಯಾರೂ ಭಾವಿಸಲಿಲ್ಲ.

ಪವಿತ್ರ ಗ್ರಂಥದಲ್ಲಿ ರೂಢಿಯ ಬಗೆಗೆ ಇನ್ನೂ ಒಂದು ವಿಷಯವಿದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಬ್ಬತ್ ದಿನ ಯೇಸು ವಾಡಿಕೆಯಂತೆ ಪ್ರಾರ್ಥನಾಮಂದಿರಕ್ಕೆ ಹೋದರೆಂದು ಲೂಕನು ನಾಲ್ಕನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ಕೊನೆಯ ಭೋಜನ ಮುಗಿದ ಮೇಲೆ, ವಾಡಿಕೆಯಂತೆ ಓಲಿವ್ ಗುಡ್ಡಕ್ಕೆ ಹೋದರೆಂದು ಮತ್ತೆ ಅದೇ ಮಾತು ಬರುತ್ತದೆ. ಯೇಸು ಆ ಸ್ಥಳಕ್ಕೆ ಆಗಾಗ ಹೋಗುತ್ತಿದ್ದುದರಿಂದ ಯೂದನಿಗೆ ಅದು ತಿಳಿದಿತ್ತೆಂದು ಯೊವಾನ್ನನು ಸೇರಿಸುತ್ತಾನೆ. ಅಂದರೆ ಪ್ರಭು ಸೆರೆಸಿಕ್ಕಿದ್ದು ಅವರ ಪ್ರಾರ್ಥನೆಯ ರೂಢಿಯಿಂದಲೇ! ಆ ಒಂದು ರಾತ್ರಿ ಬೇರೆ ಕಡೆ ಹೋಗಿದ್ದರೆ ಯೂದನು ದೀವಟಿಗೆ ಹಿಡಿದು ಊರೆಲ್ಲ ಹುಡುಕಬೇಕಾಗುತ್ತಿತ್ತು. ದಾನಿಯೇಲನ ಕಥೆಯೂ ಹೀಗೆಯೇ. ದಿನಕ್ಕೆ ಮೂರು ಬಾರಿ ಜೆರುಸಲೇಮಿನ ಕಡೆಗೆ ಕಿಟಕಿ ತೆರೆದು ಮೊಣಕಾಲೂರುವುದು ಅವನ ಪರಿಪಾಠ. ಅವನನ್ನು ಹಿಡಿಯಬೇಕೆಂದಿದ್ದ ಶತ್ರುಗಳಿಗೆ ಬೇರೆ ಯಾವ ತಪ್ಪೂ ಸಿಗಲಿಲ್ಲ. ಈ ಪರಿಪಾಠವೇ ಸಾಕೆಂದು ಮೂವತ್ತು ದಿನಗಳ ರಾಜಾಜ್ಞೆಯ ಬಲೆ ಹೆಣೆದರು. ಆಜ್ಞೆ ಹೊರಟದ್ದು ತಿಳಿದ ಮೇಲೂ ದಾನಿಯೇಲನು ಮೊದಲಿನಂತೆಯೇ ಕಿಟಕಿಯ ಬಳಿ ಮೊಣಕಾಲೂರಿದ. ನಿನ್ನೆಯವರೆಗೆ ಸುಲಭವಾಗಿದ್ದ ಅದೇ ಕೆಲಸ ಆ ದಿನ ಸಿಂಹದ ಗವಿಗೆ ದಾರಿಯಾಯಿತು. ಸುಲಭದ ದಿನಗಳಲ್ಲಿ ಮೊಣಕಾಲು ಬಗ್ಗಿಸಿ ರೂಢಿಯಿರದಿದ್ದರೆ ಅಂದು ಅದು ಬಗ್ಗುತ್ತಿತ್ತೆ?

ಮನಸ್ಸು ಅಲೆದಾಡುವ ಪ್ರಾರ್ಥನೆಯ ಪ್ರಶ್ನೆಗೆ ನೇರವಾದ ಉತ್ತರವನ್ನೂ ಸಂತ ತೋಮಸ್ ಅಕ್ವಿನಾಸರು ಕೊಟ್ಟಿದ್ದಾರೆ. 'ಸುಮ್ಮಾ ಥಿಯೊಲೊಜಿಯೆ' ಎಂಬ ತಮ್ಮ ಮಹಾಗ್ರಂಥದಲ್ಲಿ ಪ್ರಾರ್ಥನೆಗೆ ಗಮನವು ಅವಶ್ಯಕವೇ ಎಂದು ಅವರು ತಾವೇ ಪ್ರಶ್ನಿಸಿಕೊಳ್ಳುತ್ತಾರೆ. ಪ್ರಾರ್ಥನೆಗೆ ಮೂರು ಫಲಗಳುಂಟು: ಪುಣ್ಯ, ಬೇಡಿದ್ದನ್ನು ಪಡೆಯುವುದು, ಮತ್ತು ಆತ್ಮಕ್ಕೆ ಆ ಕ್ಷಣದಲ್ಲೇ ದೊರೆಯುವ ತಂಪು. ಮೊದಲಿನ ಎರಡಕ್ಕೆ ಪ್ರಾರ್ಥನೆಯ ಆರಂಭದಲ್ಲಿದ್ದ ಸಂಕಲ್ಪವೇ ಸಾಕು. ಅದರ ಬಲ ಕೊನೆಯವರೆಗೂ ಪ್ರಾರ್ಥನೆಯನ್ನು ಹೊತ್ತೊಯ್ಯುತ್ತದೆ. ಮೂರನೆಯದಕ್ಕೆ ಮಾತ್ರ ಗಮನ ಬೇಕೇ ಬೇಕು. ಬೇಕೆಂದೇ ಮನಸ್ಸನ್ನು ಅಲೆಯಬಿಡುವುದು ತಪ್ಪು. ತಾನಾಗಿ ಅಲೆಯುವುದು ಮನುಷ್ಯನ ದೌರ್ಬಲ್ಯ, ಸಂತರಿಗೂ ಅದು ತಪ್ಪಿದ್ದಲ್ಲ. ಪ್ರಾರ್ಥನೆಯ ಮಾತುಗಳ ಉಚ್ಚಾರದ ಮೇಲೆ, ಅವುಗಳ ಅರ್ಥದ ಮೇಲೆ, ಅಥವಾ ಪ್ರಾರ್ಥನೆಯ ಗುರಿಯಾದ ದೇವರ ಮೇಲೆ ಗಮನವಿಡಬಹುದು. ಈ ಕೊನೆಯದೇ ಮುಖ್ಯವಾದದ್ದು, ಓದುಬರಹ ಬಾರದವರಿಗೂ ಅದು ಸಾಧ್ಯ ಎಂದು ಆ ಮಹಾಪಂಡಿತರು ಹೇಳಿರುವುದು ನನಗೆ ಬಹಳ ಪ್ರಿಯವಾದ ವಿಷಯ. ಇನ್ನೊಂದೆಡೆ ಅವರು ದಾರಿಹೋಕನ ಉದಾಹರಣೆ ಕೊಡುತ್ತಾರೆ. ಊರಿಗೆ ಹೊರಟವನು ಹೆಜ್ಜೆ ಹೆಜ್ಜೆಗೂ ಊರನ್ನು ನೆನೆಯಬೇಕಾಗಿಲ್ಲ.

ಇದನ್ನು ಅರಿಯಲು ಸೆಪ್ಟೆಂಬರ್ 8ರ ಹಬ್ಬಕ್ಕಾಗಿ ನಮ್ಮ ಕಡೆಯಿಂದ ವೇಲಾಂಕಣಿಗೆ ಕಾಲ್ನಡಿಗೆಯಲ್ಲಿ ಹೋಗುವವರನ್ನು ಕೇಳಿದರೆ ಸಾಕು. ಮೊದಲ ದಿನ ಮಾತೆ ಮರಿಯಮ್ಮನವರ ಧ್ಯಾನ. ಎರಡನೆಯ ದಿನದಿಂದ ಪಾದದ ಬೊಬ್ಬೆಗಳ ಧ್ಯಾನ, ಮುಂದಿನ ಚಹಾದಂಗಡಿ ಎಷ್ಟು ದೂರವೆಂಬ ಧ್ಯಾನ. ಆದರೂ ಅವರು ನಡೆಯುತ್ತಿರುವುದು ವೇಲಾಂಕಣಿಗೇ ಹೊರತು ಚಹಾದಂಗಡಿಗಲ್ಲ. ಹೊರಟಾಗ ಮಾಡಿದ ಸಂಕಲ್ಪ ಕಾಲುಗಳಲ್ಲಿ ಸೇರಿಕೊಂಡು ಅವರನ್ನು ಕರೆದೊಯ್ಯುತ್ತದೆ. ರೂಢಿ ಎಂದರೆ ಹೀಗೆ ದೇಹಕ್ಕೆ ಇಳಿದ ಸಂಕಲ್ಪ ಎಂದು ನನಗೆ ಈಗ ತೋರುತ್ತದೆ.

ಆದರೆ ರೂಢಿಯಲ್ಲಿ ಅಪಾಯವೇ ಇಲ್ಲವೆ? ಇದೆ. ಅದು ಯುವಕರು ಹೇಳುವ ಕಡೆ ಇಲ್ಲ, ಬೇರೆ ಕಡೆ ಇದೆ. ಪ್ರತಿಯೊಂದು ದೇವಾಲಯದಲ್ಲೂ ಕೆಲವರಿಗೆ ತಮ್ಮದೇ ಆದ ಬೆಂಚು ಇರುತ್ತದೆ. ಕಾಗದಪತ್ರವಿಲ್ಲದ ಆಸ್ತಿ ಅದು! ಒಂದು ಭಾನುವಾರ ಜಾರ್ಖಂಡಿನಿಂದ ಕೆಲಸಕ್ಕೆಂದು ಬಂದಿರುವ ಒಂದು ಕುಟುಂಬ ಏನೂ ತಿಳಿಯದೆ ಇಂತಹ ಬೆಂಚೊಂದರಲ್ಲಿ ಕುಳಿತಿತು. ಅದರ 'ಒಡೆಯರು' ಬಂದವರು ಬೇರೆ ಕಡೆ ಕೂರದೆ ಪಕ್ಕದಲ್ಲೇ ನಿಂತು ದಿಟ್ಟಿಸಿ ನೋಡಿದರು. ಭಾಷೆ ಬಾರದ ಆ ತಾಯಿ ಮಗುವನ್ನೆತ್ತಿಕೊಂಡು ಹಿಂದಿನ ಗೋಡೆಯ ಬಳಿ ಹೋಗಿ ನಿಂತಳು. ನಾನು ಪೀಠದ ಮೇಲಿದ್ದೆ, ಎಲ್ಲವೂ ಕಾಣುತ್ತಿತ್ತು. ಆ ಹಿರಿಯರ ಮನಸ್ಸು ಅಂದಿನ ಪೂಜೆಯುದ್ದಕ್ಕೂ ಒಂದಿಷ್ಟೂ ಅಲೆದಾಡದೆ ಇದ್ದಿರಬಹುದು. ಆದರೆ ಯೆಶಾಯ, ಆಮೋಸರಂಥ ಪ್ರವಾದಿಗಳು ಸಿಡಿದೆದ್ದದ್ದು ಮನಸ್ಸು ಅಲೆದಾಡಿದವರ ಮೇಲಲ್ಲ. ಹಬ್ಬ, ಬಲಿ, ಹಾಡುಗಳನ್ನೆಲ್ಲ ತಪ್ಪದೆ ನಡೆಸುತ್ತ ಬಡವರನ್ನು ಗೋಡೆಗೆ ತಳ್ಳಿದವರ ಮೇಲೆ.

ಇದಕ್ಕೆ ಪ್ರತಿಯಾಗಿ ಸಂತ ಅಗಸ್ತೀನರ ತಾಯಿ ಸಂತ ಮೋನಿಕಳನ್ನು ನೆನೆಯಬೇಕು. ಆಫ್ರಿಕದ ತನ್ನ ಊರಿನಲ್ಲಿ ರಕ್ತಸಾಕ್ಷಿಗಳ ಸಮಾಧಿಗಳಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋಗುವುದು ಆಕೆಯ ರೂಢಿಯಾಗಿತ್ತು. ಮಗನನ್ನು ಹಿಂಬಾಲಿಸಿ ಇಟಲಿಯ ಮಿಲಾನ್ ನಗರಕ್ಕೆ ಬಂದ ಮೇಲೂ ಬುಟ್ಟಿ ಹಿಡಿದು ಹೊರಟಳು. ಆದರೆ ಬಾಗಿಲು ಕಾಯುವವನು ತಡೆದ; ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಆ ಪದ್ಧತಿಯನ್ನು ನಿಷೇಧಿಸಿದ್ದರು. ಮೋನಿಕಳು ವಾದಿಸಲಿಲ್ಲ, ಗೊಣಗಲಿಲ್ಲ. ಬುಟ್ಟಿಯ ಪದಾರ್ಥಗಳನ್ನು ಬಡವರಿಗೆಂದು ಮೀಸಲಿಟ್ಟು, ಪ್ರಾರ್ಥನೆ ತುಂಬಿದ ಹೃದಯವನ್ನಷ್ಟೇ ಸಮಾಧಿಗಳಿಗೆ ಒಯ್ಯತೊಡಗಿದಳು. ತಾಯಿ ಅಷ್ಟು ಸುಲಭವಾಗಿ ಹಳೆಯ ರೂಢಿಯನ್ನು ಬಿಟ್ಟುಕೊಟ್ಟದ್ದನ್ನು ಕಂಡು ಮಗನೇ ಬೆರಗಾದರೆಂದು ಅವರ ಆತ್ಮಕಥನದಿಂದ ತಿಳಿಯುತ್ತದೆ. ಪ್ರೀತಿಗಾಗಿ ಬಿಟ್ಟುಕೊಡಬಲ್ಲ ರೂಢಿಯ ಬಗೆಗೆ ನನಗೆ ಭಯವಿಲ್ಲ. ಬೆಂಚನ್ನು ಬಿಟ್ಟುಕೊಡಲಾಗದ ರೂಢಿಯ ಬಗೆಗೆ ಭಯವಿದೆ.

ಇಷ್ಟನ್ನೂ ಆ ಯುವಕನಿಗೆ ನಾನು ಕಂತು ಕಂತಾಗಿ ಹೇಳಿದ್ದೆ. ಅವನು ವಿನಯದಿಂದ ಕೇಳಿಸಿಕೊಂಡ. ಅಕ್ವಿನಾಸರ ತರ್ಕ ಚೆನ್ನಾಗಿದೆ ಫಾದರ್ ಎಂದ. ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ತರ್ಕದಿಂದ ಬಾಗಿಲು ತೆರೆಯುವಂತಿದ್ದರೆ ಜಗತ್ತಿನಲ್ಲಿ ಧರ್ಮಗುರುಗಳಿಗಿಂತ ಪ್ರಾಧ್ಯಾಪಕರೇ ಹೆಚ್ಚು ಬೇಕಾಗುತ್ತಿದ್ದರು.

ಆಮೇಲೆ ಅವನ ತಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತೆಗೆದುಕೊಂಡು ಹೋದಾಗ ಕಂಡದ್ದು ಇದು: ಆ ತಾಯಿಗೆ ಎಲ್ಲವೂ ತಿಳಿಯುತ್ತದೆ, ಮುಖದಲ್ಲಿ ಅರಿವಿದೆ, ಆದರೆ ಬಾಯಿಗೆ ಪದ ಬರುವುದಿಲ್ಲ. ನೀರು ಬೇಕೆಂದು ಹೇಳಲಾರರು. ಮಗನನ್ನು ನೋಡಿ ಹೆಸರು ಹಿಡಿದು ಕರೆಯಲು ಹೆಣಗಿ, ಬಾರದೆ, ಕಣ್ಣೀರು ತುಂಬಿಕೊಂಡರು. ಮಗ ಮುಖ ತಿರುಗಿಸಿದ. ನಾನು ಎಂದಿನಂತೆ ಪ್ರಾರ್ಥನೆ ಆರಂಭಿಸಿದೆ. ನಮೋ ಮರಿಯಾ ಪ್ರಾರ್ಥನೆಯ ಮೊದಲ ಪದಗಳನ್ನು ಹೇಳುತ್ತಿದ್ದಂತೆ ಹಾಸಿಗೆಯ ಕಡೆಯಿಂದ ಇನ್ನೊಂದು ಧ್ವನಿ ಸೇರಿಕೊಂಡಿತು. ಒರಟಾಗಿ, ನಿಧಾನವಾಗಿ, ಆದರೆ ಒಂದು ಪದವೂ ತಪ್ಪದೆ, ಆ ತಾಯಿ ಕೊನೆಯವರೆಗೂ ಹೇಳಿ ಮುಗಿಸಿದರು. ಮತ್ತೊಂದನ್ನೂ ಹೇಳಿದರು.

ತಂದೆ ಇದನ್ನು ಅದ್ಭುತವೆಂದರು. ನಾನು ಹಾಗೆ ಹೇಳಲು ಆತುರಪಡಲಿಲ್ಲ, ಏಕೆಂದರೆ ವೈದ್ಯರಿಗೆ ಇದು ಹೊಸದಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ಕಳೆದುಕೊಂಡವರಲ್ಲಿ ಅನೇಕರಿಗೆ ಹಾಡು, ಎಣಿಕೆ, ವಾರಗಳ ಹೆಸರು, ಬಾಯಿಪಾಠದ ಪ್ರಾರ್ಥನೆಗಳು ಉಳಿದಿರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಅವರು ಇದನ್ನು ಗಮನಿಸಿ ಬರೆದಿದ್ದರು. ಆಲೋಚಿಸಿ ಹೇಳುವ ಮಾತು ಬೇರೆ, ರೂಢಿಯಿಂದ ತಾನಾಗಿ ಬರುವ ಮಾತು ಬೇರೆ. ಒಂದು ಹೋದಾಗಲೂ ಇನ್ನೊಂದು ಉಳಿಯಬಹುದು. ಮಗನೂ ಇದನ್ನೆಲ್ಲ ಓದಿ ತಿಳಿದುಕೊಂಡಿದ್ದ. ಗೇಟಿನವರೆಗೆ ನನ್ನನ್ನು ಬೀಳ್ಕೊಡಲು ಬಂದವನು ಕೇಳಿದ: "ಅಮ್ಮ ಹೇಳಿದ್ದು ಪ್ರಾರ್ಥನೆಯೇ ಫಾದರ್? ಅಥವಾ ಬರಿಯ ಬಾಯಿಪಾಠವೇ?"

ಅವನ ಹಳೆಯ ಪ್ರಶ್ನೆಯೇ. ಆದರೆ ಈಗ ಅದರ ಧ್ವನಿ ಬೇರೆಯಾಗಿತ್ತು. ನಾನು ಹೇಳಿದೆ: "ಅರವತ್ತು ವರ್ಷ ಪ್ರತಿ ಸಂಜೆ ನಿನ್ನ ಅಮ್ಮ ಅದನ್ನು ಹೇಳುತ್ತ ಬಂದಿದ್ದಾರೆ. ನೀನು ಹುಟ್ಟುವ ಮೊದಲು ನಿನಗಾಗಿ, ಹುಟ್ಟಿದ ಮೇಲೆ ನಿನ್ನ ಜ್ವರಕ್ಕಾಗಿ, ನಿನ್ನ ಪರೀಕ್ಷೆಗಾಗಿ. ಎಷ್ಟೋ ಸಂಜೆ ಒಲೆಯ ಮೇಲಿನ ಹಾಲಿನ ಕಡೆಗೂ ಮನಸ್ಸು ಹೋಗಿರುತ್ತದೆ. ಇಂದು ಬೇರೆ ಯಾವ ಮಾತೂ ಇಲ್ಲದಾಗ ಅವರ ಬಳಿ ಉಳಿದದ್ದು ಅದೊಂದೇ. ಅದನ್ನು ಏನೆಂದು ಕರೆಯಬೇಕೋ ನೀನೇ ಹೇಳು." ಅವನು ಏನೂ ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಈಗ ಆ ಮನೆಯಲ್ಲಿ ಜಪಸರ ಏಳೂವರೆಗೆ ನಡೆಯುವುದಿಲ್ಲ. ಮಗನಿಗೆ ಆ ಹೊತ್ತಿನಲ್ಲಿ ಕಚೇರಿಯ ಕರೆಗಳಿರುವುದರಿಂದ ಒಂಬತ್ತು ಗಂಟೆಗೆ ಬದಲಾಯಿಸಿಕೊಂಡಿದ್ದಾರೆ. ನಿವೃತ್ತ ಶಿಕ್ಷಕರಿಗೆ ಇದು ಸುಲಭವಾಗಿರಲಿಲ್ಲ. ನಲವತ್ತು ವರ್ಷಗಳ ವೇಳಾಪಟ್ಟಿ ಅದು. ತಾಯಿಯ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ದಿನವೂ ಐದು ರಹಸ್ಯಗಳು ಮುಗಿಯುವುದಿಲ್ಲ. ಕೆಲವೊಮ್ಮೆ ಮೂರಕ್ಕೇ ತಾಯಿ ಬಳಲುತ್ತಾರೆ. ಮುಂದೆ ಹೇಳಿಕೊಡುವವನು ಮಗ. ಅವನು ಏನು ನಂಬುತ್ತಾನೆಂದು ನಾನು ಕೇಳಿಲ್ಲ. ಎಷ್ಟೋ ವರ್ಷ ಬಿಟ್ಟದ್ದರಿಂದ ಅವನಿಗೆ ಲೆಕ್ಕ ತಪ್ಪುತ್ತದೆ; ಒಮ್ಮೊಮ್ಮೆ ಒಂಬತ್ತು ನಮೋ ಮರಿಯಾ ಮುಗಿಯುತ್ತಿದ್ದಂತೆ ತ್ರಿತ್ವ ಸ್ತುತಿಯನ್ನು ಆರಂಭಿಸಿಬಿಡುತ್ತಾನೆ. ಆಗ ತಾಯಿ ತಮ್ಮ ಎಡಗೈಯಿಂದ ಅವನ ಮೊಣಕೈಯನ್ನು ತಟ್ಟುತ್ತಾರೆ. ಅವನು ನಿಲ್ಲಿಸಿ, ಹತ್ತನೆಯದನ್ನು ಹೇಳಿ, ಮುಂದಕ್ಕೆ ಹೋಗುತ್ತಾನೆ.